ರಿಪೋರ್ಟ್ ಬಂತು, ನಿದ್ದೆ ಹೋಯ್ತು

ರಾತ್ರಿ ಹನ್ನೊಂದೂ ಮುಕ್ಕಾಲು. ಬೆಳಗ್ಗೆ ಎಂಟಕ್ಕೆ ಮೀಟಿಂಗ್, ಬೇಗ ಮಲಗೋಣ ಅಂತ ಲೈಟ್ ಆರಿಸಿದ್ದೆ. ಅಷ್ಟರಲ್ಲಿ ಫೋನ್ ಮಿಣುಕಿತು. ‘ನಿಮ್ಮ ರಿಪೋರ್ಟ್ ಸಿದ್ಧವಾಗಿದೆ.’ ನಾಳೆ ನೋಡಿದ್ರಾಯ್ತು ಅಂತ ಮಗ್ಗುಲಾದೆ. ಎರಡು ನಿಮಿಷಕ್ಕೆ ಫೋನ್ ಮತ್ತೆ ಕೈಯಲ್ಲಿತ್ತು. ನೀವಾದ್ರೂ ಅಷ್ಟೇ ಮಾಡ್ತಿದ್ರಿ, ಅಲ್ವಾ?

ಏಳು ಪುಟದ ಪಿಡಿಎಫ್. ಶುಗರ್ ಸರಿ ಇದೆ. ಹಿಮೋಗ್ಲೋಬಿನ್ ಎಂದಿನಂತೆ ಸ್ವಲ್ಪ ಕಮ್ಮಿ. ವಿಟಮಿನ್ ಡಿ ಕಮ್ಮಿ. ದಿನವಿಡೀ ಎಸಿ ಆಫೀಸಲ್ಲಿ ಕೂತವರಲ್ಲಿ ಅದು ಯಾರಿಗೆ ಸರಿ ಇದೆ ಹೇಳಿ. ಆರನೇ ಪುಟಕ್ಕೆ ಬಂದಾಗ ಬೆರಳು ನಿಂತಿತು. ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ಕೆಂಪು ಗುರುತಿನ ಜೊತೆ: ‘ಎಎನ್‌ಎ: ಪಾಸಿಟಿವ್. ಟೈಟರ್ 1:80. ಸ್ಪೆಕಲ್ಡ್.’

ಎಎನ್‌ಎ ಅಂದ್ರೇನು ಅಂತ ನನಗೆ ಗೊತ್ತಿರಲಿಲ್ಲ. ಗೂಗಲ್‌ಗೆ ಗೊತ್ತಿತ್ತು. ಆ್ಯಂಟಿ ನ್ಯೂಕ್ಲಿಯರ್ ಆ್ಯಂಟಿಬಾಡಿ. ನಮ್ಮದೇ ಜೀವಕೋಶದ ಒಳಗಿನ ನ್ಯೂಕ್ಲಿಯಸ್ ಮೇಲೆ ತಿರುಗಿ ಬೀಳೋ ಪ್ರತಿಕಾಯ. ಅದರ ಕೆಳಗಿನ ಸಾಲಿನಲ್ಲೇ ಲೂಪಸ್. ಅದರ ಕೆಳಗೆ ಕಿಡ್ನಿ. ಅದರ ಕೆಳಗೆ ‘ಲೂಪಸ್ ಮತ್ತು ಗರ್ಭಧಾರಣೆ’. ನಮ್ಮ ಮದುವೆಯಾಗಿ ಮೂರು ವರ್ಷ. ಈ ವರ್ಷ ಮಗು ಮಾಡ್ಕೊಳ್ಳೋಣ ಅಂತ ಯುಗಾದಿ ದಿನ ಇಬ್ಬರೂ ಮಾತಾಡಿಕೊಂಡಿದ್ವಿ. ರಾತ್ರಿ ಒಂದೂವರೆ ಹೊತ್ತಿಗೆ ನನ್ನ ಫೋನಲ್ಲಿ ಹದಿನೇಳು ಟ್ಯಾಬ್ ತೆರೆದಿದ್ದವು. ಪಕ್ಕದಲ್ಲಿ ಗಂಡ ಗೊರಕೆ ಹೊಡೀತಿದ್ರು. ನಾನು ಕತ್ತಲಲ್ಲಿ ನನ್ನ ಕೆನ್ನೆ ಮುಟ್ಟಿ ನೋಡಿಕೊಳ್ತಿದ್ದೆ, ಎಲ್ಲಾದ್ರೂ ಕೆಂಪು ಗುಳ್ಳೆ ಎದ್ದಿದೆಯಾ ಅಂತ.

ಬೆಳಗ್ಗೆ ಆರೂವರೆಗೆ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಲ್ಲಿ, ಇಮ್ಯುನಾಲಜಿ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ನಾನು ಅಳುಧ್ವನಿಯಲ್ಲಿ ಎಲ್ಲಾ ಹೇಳಿ ಮುಗಿಸಿದೆ. ಅವಳು 1:80 ಬಗ್ಗೆ ಏನೂ ಕೇಳಲಿಲ್ಲ.

“ಯಾವ ಡಾಕ್ಟರ್ ಬರೆದುಕೊಟ್ಟಿದ್ದು?”

“ಯಾರೂ ಇಲ್ಲ. ಆಫೀಸಿನ ವಾರ್ಷಿಕ ಚೆಕಪ್ ಬುಕ್ ಮಾಡುವಾಗ, ಇನ್ನೊಂದಿಷ್ಟು ದುಡ್ಡು ಕೊಟ್ರೆ ಆಟೋಇಮ್ಯೂನ್ ಸ್ಕ್ರೀನಿಂಗ್ ಅಂತ ಬಂತು. ಟಿಕ್ ಮಾಡಿದೆ.”

“ಯಾಕೆ? ಏನು ತೊಂದರೆ ಇತ್ತು?”

“ಕೂದಲು ಉದುರತ್ತಲ್ಲ ಅಕ್ಕ...”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಭಾನುವಾರ ಊಟಕ್ಕೆ ಮನೆಗೆ ಬಾ. ಅಲ್ಲೀತನಕ ಗೂಗಲ್ ಮುಟ್ಟಬೇಡ” ಅಂದ್ಲು.

ಹಳದಿ ಮುಚ್ಚಳದ ಟ್ಯೂಬಿನ ಕಥೆ

ರಕ್ತ ಕೊಡುವಾಗ ನೀವು ಗಮನಿಸಿರಬಹುದು. ಒಂದೇ ಸೂಜಿ, ಆದ್ರೆ ಟ್ಯೂಬ್ ಎರಡು ಮೂರು. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸೋಕೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಇರತ್ತೆ. ಹಳದಿ ಮುಚ್ಚಳದ್ದರಲ್ಲಿ ತಳದಲ್ಲಿ ಒಂದು ಅಂಟು ಜೆಲ್ ಇರತ್ತೆ. ಅದರಲ್ಲಿ ರಕ್ತ ಹೆಪ್ಪುಗಟ್ಟಲಿ ಅಂತಲೇ ಅರ್ಧ ಗಂಟೆ ಬಿಡ್ತಾರೆ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದ್ರೆ ಕೆಂಪೆಲ್ಲ ಕೆಳಗೆ, ಮೇಲೆ ನಿಂಬೆ ಪಾನಕದ ಬಣ್ಣದ ತಿಳಿ. ಅದೇ ಸೀರಮ್. ಇಮ್ಯುನಾಲಜಿ ಲ್ಯಾಬಿಗೆ ಬೇಕಾಗಿರೋದು ಹೆಚ್ಚಾಗಿ ಅದೇ.

“ಬಯೋಕೆಮಿಸ್ಟ್ರಿಯವರು ರಕ್ತದಲ್ಲಿ ಸಕ್ಕರೆ ಎಷ್ಟು, ಉಪ್ಪು ಎಷ್ಟು ಅಂತ ಅಳೀತಾರೆ. ನಾವು ನೋಡೋದು ಬೇರೆ. ನಿನ್ನ ದೇಹ ಯಾರ ಜೊತೆ ಜಗಳ ಆಡಿದೆ, ಯಾರ ಗುರುತು ಇಟ್ಟುಕೊಂಡಿದೆ ಅಂತ” ಅಂದ್ಲು ಅಕ್ಕ, ಹುಳಿಗೆ ಒಗ್ಗರಣೆ ಹಾಕ್ತಾ.

ಅವರ ಕೆಲಸದಲ್ಲಿ ಎಲೈಸಾ ಅನ್ನೋ ವಿಧಾನಕ್ಕೆ ದೊಡ್ಡ ಜಾಗ ಇದೆ. 1971ರಲ್ಲಿ ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಅನ್ನೋ ವಿಜ್ಞಾನಿಗಳು ಇದನ್ನ ಪ್ರಕಟಿಸಿದ್ರು. “ಪಡ್ಡಿನ ಹಂಚು ಗೊತ್ತಲ್ಲ, ಅದರಲ್ಲಿ 96 ಪುಟ್ಟ ಗುಳಿ ಇದೆ ಅಂದ್ಕೋ. ಪ್ರತಿ ಗುಳಿಯ ತಳಕ್ಕೂ ನಾವು ಹುಡುಕ್ತಿರೋ ಪ್ರತಿಕಾಯಕ್ಕೆ ಹೊಂದೋ ವಸ್ತು ಅಂಟಿಸಿರ್ತಾರೆ. ಒಂದೊಂದು ಗುಳಿಗೆ ಒಬ್ಬೊಬ್ಬರ ಸೀರಮ್ ಹಾಕ್ತೀವಿ. ಪ್ರತಿಕಾಯ ಇದ್ರೆ ಅಂಟಿಕೊಳ್ಳತ್ತೆ, ಇಲ್ಲದಿದ್ರೆ ತೊಳೆದಾಗ ಹೋಗತ್ತೆ. ಕೊನೆಗೆ ಬಣ್ಣ ಬರಿಸೋ ದ್ರಾವಣ ಹಾಕ್ತೀವಿ. ಅಂಟಿರೋ ಕಡೆ ಬಣ್ಣ ಏರತ್ತೆ. ಎಷ್ಟು ಗಾಢ ಅಂತ ಯಂತ್ರ ಓದತ್ತೆ.” ಅಷ್ಟೇ. ಎಚ್‌ಐವಿ, ಹೆಪಟೈಟಿಸ್, ಡೆಂಗಿ, ಅಲರ್ಜಿ ಟೆಸ್ಟುಗಳಲ್ಲಿ ಎಷ್ಟೋ ಈ ತತ್ವದ ಮೇಲೇ ನಿಂತಿವೆ. ಈಗ ದೊಡ್ಡ ಲ್ಯಾಬುಗಳಲ್ಲಿ ಬಣ್ಣದ ಬದಲು ಬೆಳಕು ಅಳೆಯೋ ಯಂತ್ರಗಳೂ ಬಂದಿವೆ.

ನನ್ನ ನಿದ್ದೆ ಕೆಡಿಸಿದ ಎಎನ್‌ಎ ಮಾಡೋದು ಇನ್ನೊಂದು ರೀತಿ. ಹೆಪ್-2 ಅನ್ನೋ ಮಾನವ ಜೀವಕೋಶಗಳನ್ನ ಗಾಜಿನ ಸ್ಲೈಡ್ ಮೇಲೆ ಕೂರಿಸಿರ್ತಾರೆ. ಅದರ ಮೇಲೆ ನಮ್ಮ ಸೀರಮ್, ಅದರ ಮೇಲೆ ಹಸಿರು ಹೊಳೆಯೋ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ. ಆಮೇಲೆ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪ್ ಕೆಳಗೆ ನೋಡ್ತಾರೆ. ಕೆಲವರದ್ದು ಪೂರ್ತಿ ಹಸಿರು, ಕೆಲವರದ್ದು ಚುಕ್ಕಿ ಚುಕ್ಕಿ. ನನ್ನ ‘ಸ್ಪೆಕಲ್ಡ್’ ಅಂದ್ರೆ ಆ ಚುಕ್ಕಿಗಳು.

“1:80 ಅಂದ್ರೆ?”

“ಮಜ್ಜಿಗೆಗೆ ನೀರು ಬೆರೆಸ್ತಾ ಹೋಗು. ಎಷ್ಟು ನೀರು ಬೆರೆಸಿದ ಮೇಲೂ ಹುಳಿ ಗೊತ್ತಾಗತ್ತೆ ಅನ್ನೋದೇ ಟೈಟರ್. ಒಂದು ಭಾಗ ಸೀರಮನ್ನ ಒಟ್ಟು 80 ಭಾಗ ಆಗೋ ತನಕ ತೆಳು ಮಾಡಿದಾಗಲೂ ನಿಂದು ಹೊಳೆದಿದೆ. ಮುಂದಿನ ಮೆಟ್ಟಿಲು 160, ಅದರ ಮುಂದೆ 320, 640. ಕೆಲವರದ್ದು ಸಾವಿರ ದಾಟಿದ್ರೂ ಹೊಳೀತಾನೇ ಇರತ್ತೆ. ನಿಂದು ಕೆಳಗಿನ ಮೆಟ್ಟಿಲು.”

ಆರೋಗ್ಯವಂತರ ರಕ್ತವೂ ಹೊಳೆಯತ್ತೆ

ಅಕ್ಕ ನನಗೆ ಹೇಳಿದ ಲೆಕ್ಕ ನಿಮಗೂ ಹೇಳ್ತೀನಿ. ಬೇರೆ ಬೇರೆ ದೇಶಗಳ 15 ಲ್ಯಾಬುಗಳು ಸೇರಿ ಆರೋಗ್ಯವಾಗಿರೋ ಜನರ ರಕ್ತ ಪರೀಕ್ಷೆ ಮಾಡಿದ್ವು. ಫಲಿತಾಂಶ 1997ರಲ್ಲಿ ಪ್ರಕಟವಾಯ್ತು. 1:40ರಲ್ಲಿ ಶೇಕಡಾ 32ರಷ್ಟು ಜನರದ್ದು ಪಾಸಿಟಿವ್. 1:80ರಲ್ಲಿ ಶೇಕಡಾ 13. 1:160ರಲ್ಲಿ ಶೇಕಡಾ 5. 1:320ರಲ್ಲೂ ಶೇಕಡಾ 3. ಇವರ್ಯಾರಿಗೂ ಕಾಯಿಲೆ ಇರಲಿಲ್ಲ.

ಈಗ ನಮ್ಮ ಆಫೀಸಿನ ಕಟ್ಟಡದಲ್ಲಿ ಸಾವಿರ ಜನ ಇದ್ದಾರೆ ಅಂದ್ಕೊಳ್ಳಿ. ಎಲ್ಲರೂ ನನ್ನ ಹಾಗೆ ಟಿಕ್ ಮಾಡಿದ್ರೆ, ಆ ಲೆಕ್ಕದ ಪ್ರಕಾರ ಸುಮಾರು 130 ಜನಕ್ಕೆ ನನ್ನಂಥದೇ ರಿಪೋರ್ಟ್ ಬರತ್ತೆ. ಆ 130ರಲ್ಲಿ ನಿಜಕ್ಕೂ ಲೂಪಸ್ ಇರೋರು ಒಬ್ಬರು ಇರಬಹುದು, ಇಲ್ಲದೆಯೂ ಇರಬಹುದು. ಉಳಿದವರೆಲ್ಲ ರಾತ್ರಿ ಒಂದೂವರೆಗೆ ಕೆನ್ನೆ ಮುಟ್ಟಿ ನೋಡಿಕೊಳ್ತಾ ಕೂತಿರ್ತಾರೆ.

ಪ್ಯಾಕೇಜ್ ಚೆಕಪ್‌ಗಳ ಇನ್ನೊಂದು ಗುಟ್ಟು ಇದೇ. ಎಷ್ಟೋ ಟೆಸ್ಟುಗಳ ‘ನಾರ್ಮಲ್’ ಮಿತಿ ಹಾಕೋದು, ನೂರು ಆರೋಗ್ಯವಂತರಲ್ಲಿ ಮಧ್ಯದ 95 ಜನ ಎಲ್ಲಿ ಬರ್ತಾರೆ ಅಂತ ನೋಡಿ. ಅಂದ್ರೆ ಏನೂ ಕಾಯಿಲೆ ಇಲ್ಲದ ಐದು ಜನ ಹೇಗಿದ್ರೂ ಗೆರೆಯ ಆಚೆ ಬೀಳ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದ್ರೆ, ಗಟ್ಟಿಮುಟ್ಟಾಗಿರೋರಿಗೂ ಕನಿಷ್ಠ ಒಂದಾದ್ರೂ ಕೆಂಪು ಗುರುತು ಬರೋ ಸಾಧ್ಯತೆ ಶೇಕಡಾ 64. ಕ್ಯಾಲ್ಕುಲೇಟರ್ ತೆಗೆದು 0.95 ಅನ್ನ ಇಪ್ಪತ್ತು ಸಲ ಗುಣಿಸಿ, ಒಂದರಿಂದ ಕಳೆಯಿರಿ, ಗೊತ್ತಾಗತ್ತೆ.

“ಹಾಗಾದ್ರೆ ಈ ಟೆಸ್ಟೇ ದಂಡ ಅನ್ನು” ಅಂದೆ.

ಅಕ್ಕನಿಗೆ ಸಿಟ್ಟು ಬಂತು. “ಯಾರು ಹಾಗಂದಿದ್ದು? ಮುಖದ ಮೇಲೆ ಕೆಂಪು, ಕೀಲುನೋವು, ಬಿಡದ ಜ್ವರ, ಮೂತ್ರದಲ್ಲಿ ಪ್ರೋಟೀನ್, ಇದೆಲ್ಲ ಇರೋ ಹುಡುಗಿಯ ಸ್ಯಾಂಪಲ್ ಬಂದಾಗ ಇದೇ ಟೆಸ್ಟ್ ಬಂಗಾರ. ಲೂಪಸ್ ಇರೋರಲ್ಲಿ ಹೆಚ್ಚೂಕಮ್ಮಿ ಎಲ್ಲರದ್ದೂ ಪಾಸಿಟಿವ್ ಬರತ್ತೆ. ಅದಕ್ಕೇ ನೆಗೆಟಿವ್ ಬಂದ್ರೆ ಡಾಕ್ಟರ್ ಬೇರೆ ಕಡೆ ಯೋಚನೆ ಮಾಡ್ತಾರೆ. ಪ್ರಶ್ನೆ ಇಟ್ಟುಕೊಂಡು ಕೇಳಿದ್ರೆ ಅದು ಉತ್ತರ ಕೊಡತ್ತೆ. ನೀನು ಪ್ರಶ್ನೆನೇ ಕೇಳಿಲ್ವಲ್ಲ.”

2019ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರ ಸಂಘಗಳು ಸೇರಿ ಮಾಡಿದ ಲೂಪಸ್ ವರ್ಗೀಕರಣದ ನಿಯಮದಲ್ಲೂ 1:80 ಎಎನ್‌ಎ ಬರೀ ಬಾಗಿಲು. ಒಳಗೆ ಹೋದ ಮೇಲೆ ಚರ್ಮ, ಕೀಲು, ಕಿಡ್ನಿ, ರಕ್ತಕಣ ಅಂತ ಒಂದೊಂದಕ್ಕೂ ಅಂಕ ಕೂಡಿಸಬೇಕು.

ಮುಂದಿನ ವಾರ ಒಬ್ಬ ಫಿಸಿಶಿಯನ್ ಹತ್ರ ಹೋದೆ. ಅವರು ಇಪ್ಪತ್ತು ನಿಮಿಷ ಕೂರಿಸಿ ಕೇಳಿದ್ರು: ಬಿಸಿಲಿಗೆ ಹೋದ್ರೆ ಚರ್ಮ ಕೆಂಪಾಗತ್ತಾ, ಬಾಯಲ್ಲಿ ಹುಣ್ಣು, ಕೀಲು ಊತ, ಚಳಿಗೆ ಬೆರಳು ಬಿಳಿಚಿಕೊಳ್ಳತ್ತಾ, ಮನೇಲಿ ಯಾರಿಗಾದ್ರೂ ಇದೆಯಾ. ಬಿಪಿ ನೋಡಿದ್ರು, ಮೂತ್ರ ಪರೀಕ್ಷೆ ಬರೆದ್ರು. ಎಲ್ಲಾ ಸರಿ ಇತ್ತು. ಕೂದಲಿಗೆ ಕಾರಣ ಬೇರೆಯೇ ಇತ್ತು; ದೇಹದಲ್ಲಿ ಕಬ್ಬಿಣದ ದಾಸ್ತಾನು ಪಾತಾಳಕ್ಕೆ ಇಳಿದಿತ್ತು. “ಎಎನ್‌ಎ ಮತ್ತೆ ಮಾಡಿಸಬೇಡಿ. ನಾನು ಹೇಳಿದ ಲಕ್ಷಣ ಏನಾದ್ರೂ ಬಂದ್ರೆ ಬನ್ನಿ. ಮಗು ವಿಷಯಕ್ಕೆ ಇದು ಅಡ್ಡಿ ಇಲ್ಲ” ಅಂದ್ರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ನಿಜ ಹೇಳ್ತೀನಿ.

ಇನ್ನೊಂದು ರಿಪೋರ್ಟ್

ಇಲ್ಲಿಗೆ ಮುಗಿದಿದ್ರೆ ಈ ಅಂಕಣ ಬರೀತಿರಲಿಲ್ಲ. ಆ ಭಾನುವಾರಕ್ಕೇ ವಾಪಸ್ ಹೋಗಬೇಕು.

ಊಟ ಮುಗಿಸಿ ಹೊರಡೋ ಹೊತ್ತಿಗೆ ಅಕ್ಕ ಕೇಳಿದ್ಲು, “ಚಿಕ್ಕಮ್ಮನ ಕೈನೋವು ಹೇಗಿದೆ?”

“ಹಾಗೇ ಇದೆ. ಅದೇನೂ ಇಲ್ಲ ಬಿಡಕ್ಕ. ಹೋದ ವರ್ಷವೇ ಟೆಸ್ಟ್ ಮಾಡಿಸಿದ್ವಲ್ಲ, ಆರ್‌ಎಫ್ ನೆಗೆಟಿವ್ ಬಂತು.”

ಅಕ್ಕ ಕೈಲಿದ್ದ ತಟ್ಟೆ ಕೆಳಗಿಟ್ಟಳು. “ಬೆಳಗ್ಗೆ ಎದ್ದಾಗ ಬೆರಳು ಬಿಗಿ ಹಿಡಿಯತ್ತಾ? ಎಷ್ಟು ಹೊತ್ತು? ಎರಡೂ ಕೈನಾ?”

ನನಗೆ ಗೊತ್ತಿರಲಿಲ್ಲ. ನನ್ನ 1:80 ಬಗ್ಗೆ ಹದಿನೇಳು ಟ್ಯಾಬ್ ತೆರೆದಿದ್ದವಳಿಗೆ ಅಮ್ಮನ ಕೈ ಬಗ್ಗೆ ಇಷ್ಟು ಗೊತ್ತಿರಲಿಲ್ಲ.

ಅಲ್ಲಿಂದಲೇ ತಿಪಟೂರಿಗೆ ಫೋನ್ ಹಚ್ಚಿದೆ. ಅಮ್ಮ ನಗ್ತಾನೇ ಹೇಳಿದ್ಲು. “ಬೆಳಗ್ಗೆ ಮುಷ್ಟಿ ಕಟ್ಟೋಕೆ ಆಗಲ್ಲ ಕಣೇ. ಬಿಸಿನೀರಲ್ಲಿ ಅದ್ದಿಟ್ಕೊಂಡು ಕೂತ್ರೆ ಒಂಬತ್ತು ಗಂಟೆ ಹೊತ್ತಿಗೆ ಸಡಿಲ ಆಗತ್ತೆ. ಮುದ್ದೆ ತಿರುವೋಕೆ ಈಗ ನಿಮ್ಮಪ್ಪನೇ ಬರ್ತಾರೆ, ನನಗೆ ಕೋಲು ಹಿಡಿಯೋಕೆ ಆಗಲ್ಲ. ಅವರು ತಿರುವಿದ್ರೆ ಬರೀ ಗಂಟು.” ಅಮ್ಮ ಏಳೋದು ಐದೂವರೆಗೆ. ಮೂರೂವರೆ ಗಂಟೆ ಬೆರಳು ಬಿಗಿದಿರತ್ತೆ. ಹದಿನಾಲ್ಕು ತಿಂಗಳಿಂದ.

ಹದಿನಾಲ್ಕು ತಿಂಗಳ ಹಿಂದೆ ಊರಿನ ಲ್ಯಾಬಿಂದ ರಿಪೋರ್ಟಿನ ಫೋಟೋ ವಾಟ್ಸಾಪಲ್ಲಿ ಬಂದಾಗ ನಾನು ಮೀಟಿಂಗಲ್ಲಿದ್ದೆ. ನೋಡಿದೆ. ‘ನೆಗೆಟಿವ್ ಅಮ್ಮ, ಏನೂ ಇಲ್ಲ, ವಯಸ್ಸಾಯ್ತಲ್ಲ’ ಅಂತ ಟೈಪ್ ಮಾಡಿ, ಒಂದು ನಗುಮುಖ ಹಾಕಿ ಕಳಿಸಿದೆ. ಅಮ್ಮನಿಗೆ ಆಗ 54. ಮಗಳು ಓದಿದವಳು, ಅವಳೇ ಏನೂ ಇಲ್ಲ ಅಂದ ಮೇಲೆ ಮತ್ತೆ ಡಾಕ್ಟರ್ ಯಾಕೆ ಅಂತ ಅಮ್ಮ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯಲ್ಲೇ ದಿನ ದೂಡಿದ್ಲು. ಆ ಮೆಸೇಜು ಈಗಲೂ ಫೋನಲ್ಲಿದೆ. ಅಳಿಸಿಲ್ಲ.

ಆರ್‌ಎಫ್ ಅಂದ್ರೆ ರುಮಟಾಯ್ಡ್ ಫ್ಯಾಕ್ಟರ್. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಇದನ್ನ ವಿವರಿಸಿದ್ರು. ಸಣ್ಣ ಲ್ಯಾಬುಗಳಲ್ಲಿ ಇದನ್ನ ಮಾಡೋದು ತುಂಬ ಸರಳ. ಲೇಟೆಕ್ಸ್ ಕಣಗಳ ಬಿಳಿ ದ್ರಾವಣಕ್ಕೆ ಒಂದು ಹನಿ ಸೀರಮ್ ಬೆರೆಸಿ ಸ್ಲೈಡನ್ನ ಅಲ್ಲಾಡಿಸೋದು. ಹಾಲು ಒಡೆದ ಹಾಗೆ ಕಣಕಣ ಆದ್ರೆ ಪಾಸಿಟಿವ್. ಹಾಗೇ ನುಣ್ಣಗಿದ್ರೆ ನೆಗೆಟಿವ್. ಟೆಸ್ಟ್ ತಪ್ಪಾಗಿರಲಿಲ್ಲ. ಅಮ್ಮನ ರಕ್ತದಲ್ಲಿ ಆ ಪ್ರತಿಕಾಯ ನಿಜವಾಗಿಯೂ ಇರಲಿಲ್ಲ. ಆದ್ರೆ ರುಮಟಾಯ್ಡ್ ಸಂಧಿವಾತ ಇರೋ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಜನಕ್ಕೆ ಅದು ಇರೋದೇ ಇಲ್ಲ. ಇನ್ನೊಂದು ಕಡೆ, ಕ್ಷಯ, ಹೆಪಟೈಟಿಸ್ ಸಿ ಇರೋರಲ್ಲಿ, ಸುಮ್ಮನೆ ವಯಸ್ಸಾದವರಲ್ಲಿ ಸಹ ಪಾಸಿಟಿವ್ ಬರಬಹುದು.

ಅಕ್ಕ ಹೇಳಿದ ವಾರದಲ್ಲೇ ಅಮ್ಮನನ್ನ ಬೆಂಗಳೂರಿಗೆ ಕರೆಸಿ ರುಮಟಾಲಜಿಸ್ಟ್ ಹತ್ರ ಕರಕೊಂಡು ಹೋದೆ. ಅವರು ಫೈಲ್ ಮುಟ್ಟಲಿಲ್ಲ. ಅಮ್ಮನ ಎರಡೂ ಕೈ ತಗೊಂಡು ಒಂದೊಂದೇ ಗೆಣ್ಣು ಮೆತ್ತಗೆ ಒತ್ತುತ್ತಾ ಎಣಿಸಿದ್ರು. ಮಣಿಕಟ್ಟು, ಬೆರಳ ಬುಡ, ಬೆರಳ ನಡು. ಹತ್ತು ದಾಟಿತು. ಅಮ್ಮ ಹಲ್ಲು ಕಚ್ಚಿಕೊಂಡಿದ್ಲು.

ಅವರು ಒಂದು ಚೀಟಿ ಮೇಲೆ ಬರೆದು ತೋರಿಸಿದ್ರು. 2010ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಟ್ಟು 10 ಅಂಕ, 6 ಬಂದ್ರೆ ರುಮಟಾಯ್ಡ್ ಅಂತ ಲೆಕ್ಕ, ಬೇರೆ ಕಾರಣ ಇಲ್ಲದಿದ್ರೆ. ಕೀಲುಗಳಿಗೆ 5ರ ತನಕ. ಆರ್‌ಎಫ್, ಆ್ಯಂಟಿ-ಸಿಸಿಪಿ ಅನ್ನೋ ಪ್ರತಿಕಾಯಗಳಿಗೆ ಹೆಚ್ಚೆಂದರೆ 3. ಉರಿಯೂತ ತೋರಿಸೋ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ರೆ 1. ಆರು ವಾರ ಕಳೆದಿದ್ರೆ 1. ಅಮ್ಮನ ಆ್ಯಂಟಿ-ಸಿಸಿಪಿ ಸಹ ನೆಗೆಟಿವ್ ಬಂತು. ಸಿಆರ್‌ಪಿ ಏರಿತ್ತು. 5, 1, 1. ಒಟ್ಟು 7. ಪ್ರತಿಕಾಯಕ್ಕೆ ಸೊನ್ನೆ ಇಟ್ಟುಕೊಂಡೇ ಅಮ್ಮ ಪಾಸಾಗಿದ್ಲು. ಎಕ್ಸ್‌ರೇಯಲ್ಲಿ ಬಲಗೈಯ ಎರಡು ಬೆರಳ ಬುಡದಲ್ಲಿ ಮೂಳೆ ಸವೆದಿದ್ದೂ ಕಾಣ್ತು.

“ಒಂದು ವರ್ಷ ಮೊದಲು ಬಂದಿದ್ರೆ?” ಅಂತ ಕೇಳಿದೆ.

ಡಾಕ್ಟರ್ ಅಮ್ಮನ ಮುಖ ನೋಡಿ, “ಈಗ ಬಂದಿದ್ದೀರಲ್ಲ, ಶುರು ಮಾಡೋಣ” ಅಂದ್ರು. ಉತ್ತರ ನನಗೆ ಸಿಕ್ಕಿತು.

ನಾವು ಎಡವೋ ಜಾಗಗಳು

ಅಕ್ಕನ ಲ್ಯಾಬ್ ಅನುಭವದಿಂದ ನಮ್ಮ ವಯಸ್ಸಿನವರಿಗೆ ಬೇಕಾದ ನಾಲ್ಕೈದು ಮಾತು ಆರಿಸಿ ಕೊಡ್ತೀನಿ.

ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ಅಥವಾ ಗಮ್ಮಿ ತಿಂತೀರಾ? ನಮಗೆ ದಿನಕ್ಕೆ ಬೇಕಾಗಿರೋದು 30 ಮೈಕ್ರೋಗ್ರಾಂ ಆಸುಪಾಸು. ಆ ಮಾತ್ರೆಗಳಲ್ಲಿ ಅದರ ನೂರಾರು ಪಟ್ಟು ಇರಬಹುದು. ಎಷ್ಟೋ ಇಮ್ಯುನಾಲಜಿ ಯಂತ್ರಗಳು ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸ್ತವೆ. ರಕ್ತದಲ್ಲಿ ಅದು ತುಂಬಿದ್ರೆ ಲೆಕ್ಕ ತಪ್ಪತ್ತೆ. ಥೈರಾಯ್ಡ್ ಸರಿ ಇದ್ರೂ ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಅಂತ ಬರಬಹುದು. ಹೃದಯಾಘಾತ ಹಿಡಿಯೋ ಟ್ರೋಪೋನಿನ್ ಕಮ್ಮಿ ತೋರಿಸಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡೋ ಮೊದಲು ಡಾಕ್ಟರಿಗೂ ಲ್ಯಾಬಿಗೂ ಹೇಳಿ. ಎಷ್ಟು ದಿನ ನಿಲ್ಲಿಸಬೇಕು ಅಂತ ಅವರೇ ಹೇಳ್ತಾರೆ.

ಮಳೆಗಾಲದ ಜ್ವರ. ಡೆಂಗಿಗೆ ಮೊದಲ ದಿನಗಳಲ್ಲಿ ಸಿಗೋದು ಎನ್‌ಎಸ್1, ಅದು ವೈರಸ್ಸಿನದ್ದೇ ಪ್ರೋಟೀನ್. ಐಜಿಎಂ ಪ್ರತಿಕಾಯ ತಯಾರಾಗೋಕೆ ಐದು ದಿನ ಆಸುಪಾಸು ಬೇಕು. ಜ್ವರ ಬಂದ ಎರಡನೇ ದಿನ ಐಜಿಎಂ ನೆಗೆಟಿವ್ ಬಂತು ಅಂತ ಆಫೀಸಿಗೆ ಓಡಬೇಡಿ. ಜ್ವರ ಎಷ್ಟನೇ ದಿನ ಅನ್ನೋದನ್ನ ಲ್ಯಾಬಲ್ಲಿ ಬರೆಸಿ.

ವಿಡಾಲ್ ಟೆಸ್ಟ್. ಟೈಫಾಯ್ಡಿಗೆ 1896ರಿಂದ ಇರೋ ಹಳೇ ಟೆಸ್ಟ್. ಹಿಂದೆ ಯಾವಾಗಲೋ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಇವುಗಳಿಂದಲೂ ಪಾಸಿಟಿವ್ ಬರತ್ತೆ. ಒಂದೇ ಒಂದು ವಿಡಾಲ್ ನೋಡಿ ಆ್ಯಂಟಿಬಯೋಟಿಕ್ ನುಂಗೋ ಮುಂಚೆ, ಬ್ಲಡ್ ಕಲ್ಚರ್ ಬೇಕಾ ಅಂತ ಡಾಕ್ಟರನ್ನ ಕೇಳಿ. ಕಲ್ಚರಿಗೆ ರಕ್ತ ಕೊಡಬೇಕಾಗಿರೋದು ಆ್ಯಂಟಿಬಯೋಟಿಕ್ ಶುರು ಮಾಡೋಕೆ ಮೊದಲು.

ಗೋಧಿ ಆಗಿಬರಲ್ಲ ಅಂತ ಅನುಮಾನವಾ? ಸೀಲಿಯಾಕ್ ಕಾಯಿಲೆಯ ಟೆಸ್ಟಿಗೆ ಮುಂಚೆ ಚಪಾತಿ ಬಿಟ್ಟುಬಿಟ್ರೆ ಪ್ರತಿಕಾಯವೂ ಇಳಿದು ರಿಪೋರ್ಟ್ ನೆಗೆಟಿವ್ ಬರತ್ತೆ. ಟೆಸ್ಟ್ ಆಗೋ ತನಕ ತಿನ್ನಿ, ಆಮೇಲೆ ಬಿಡೋ ಮಾತು.

ಅಲರ್ಜಿ ಪಟ್ಟಿ. ನೂರು ವಸ್ತುಗಳ ಐಜಿಇ ಪಟ್ಟಿಯಲ್ಲಿ ಬದನೆಕಾಯಿ ಪಾಸಿಟಿವ್ ಬಂದ್ರೂ, ನೀವು ಎಣ್ಣೆಗಾಯಿ ತಿಂದು ಆರಾಮಾಗಿದ್ರೆ ಅದು ಅಲರ್ಜಿ ಅಲ್ಲ. ಇನ್ನು ಆಹಾರ ಆಗಿಬರತ್ತಾ ಇಲ್ವಾ ನೋಡೋಕೆ ಅಂತ ಮಾರೋ ಐಜಿಜಿ ಪಟ್ಟಿಯನ್ನ ಅಲರ್ಜಿ ತಜ್ಞರ ಸಂಘಗಳೇ ಬೇಡ ಅಂದಿವೆ.

ಟಿಕ್ ಮಾಡೋ ಮೊದಲು

ಚೆಕಪ್ ಮಾಡಿಸಬೇಡಿ ಅಂತ ನಾನು ಹೇಳ್ತಿಲ್ಲ. ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಆದ್ರೆ ಪ್ರತಿಕಾಯದ ಟೆಸ್ಟುಗಳಿಗೆ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಈ ಟೆಸ್ಟ್ ಯಾವ ತೊಂದರೆಗೆ? ಉತ್ತರ ‘ಸುಮ್ಮನೆ’ ಅಂತಾದ್ರೆ ಟಿಕ್ ತೆಗೆಯಿರಿ.

ಎರಡು, ಪಾಸಿಟಿವ್ ಬಂದ್ರೆ ಮುಂದೇನು, ನೆಗೆಟಿವ್ ಬಂದ್ರೆ ಮುಂದೇನು? ಬರೆದುಕೊಟ್ಟ ಡಾಕ್ಟರನ್ನ ಮೊದಲೇ ಕೇಳಿ. ಎರಡಕ್ಕೂ ಉತ್ತರ ಒಂದೇ ಆದ್ರೆ ಆ ಟೆಸ್ಟ್ ಯಾಕೆ ಬೇಕು?

ಮೂರು, ಯಾವ ವಿಧಾನ? ಎಎನ್‌ಎ ಮೈಕ್ರೋಸ್ಕೋಪ್ ಕೆಳಗೆ ಮಾಡಿದ್ದಾ, ಎಲೈಸಾ ಮಾಡಿದ್ದಾ ಅಂತ ರಿಪೋರ್ಟಲ್ಲೇ ಬರೆದಿರತ್ತೆ. ಎರಡು ಲ್ಯಾಬಿನ, ಎರಡು ವಿಧಾನದ ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅಂತ ಲೆಕ್ಕ ಹಾಕಬೇಡಿ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ ನೋಡಿ. ಅದು ಕಡ್ಡಾಯ ಅಲ್ಲ, ಇದ್ರೆ ಒಳ್ಳೇದು.

ನಾಲ್ಕು, ತೊಂದರೆ ಹೋಯ್ತಾ? ರಿಪೋರ್ಟ್ ನೆಗೆಟಿವ್ ಬಂದು ನೋವು ಹಾಗೇ ಇದ್ರೆ, ನಂಬಬೇಕಾಗಿರೋದು ನೋವನ್ನ. ಇದನ್ನ ನಿಮಗಿಂತ ಹೆಚ್ಚಾಗಿ ಊರಲ್ಲಿರೋ ಅಪ್ಪ ಅಮ್ಮನ ವಿಷಯದಲ್ಲಿ ನೆನಪಿಡಿ. ಅವರು ರಿಪೋರ್ಟಿನ ಫೋಟೋ ಕಳಿಸಿದಾಗ ಟೈಪ್ ಮಾಡಬೇಡಿ, ಫೋನ್ ಮಾಡಿ. ‘ಬೆಳಗ್ಗೆ ಎದ್ದಾಗ ಹೇಗಿರತ್ತೆ?’ ಅಂತ ಕೇಳಿ.

ಅಮ್ಮನಿಗೆ ಔಷಧಿ ಶುರುವಾಗಿ ಏಳು ತಿಂಗಳಾಯ್ತು. ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ, ವಾರಕ್ಕೆ ಒಂದೇ ದಿನ. ದಿನಾ ತಗೊಂಡ್ರೆ ಪ್ರಾಣಕ್ಕೇ ಅಪಾಯ ಅಂತ ಡಾಕ್ಟರ್ ಮೂರು ಸಲ ಹೇಳಿದ್ದಾರೆ. ಅಪ್ಪ ಗೋಡೆ ಕ್ಯಾಲೆಂಡರಿನ ಪ್ರತಿ ಗುರುವಾರಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ತಿಂಗಳು ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ, ಲಿವರ್ ಮತ್ತು ರಕ್ತಕಣ ನೋಡೋಕೆ. ಅದು ಯಾಕೆ ಅಂತ ನಮಗೆ ಗೊತ್ತು, ಹಾಗಾಗಿ ರಿಪೋರ್ಟ್ ಬಂದ್ರೆ ಯಾರ ನಿದ್ದೆಯೂ ಕೆಡಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಬೆಳಗಿನ ಬಿಗಿತ ಈಗ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಬಲಗೈಯ ಆ ಎರಡು ಬೆರಳು ಸ್ವಲ್ಪ ಓರೆಯಾಗಿವೆ, ಅವು ಇನ್ನು ಹಾಗೇ. ಮಧ್ಯಾಹ್ನ ಅಡುಗೆಮನೆಯಿಂದ ಅಪ್ಪನನ್ನ ಗದರಿಸೋ ಸದ್ದು ಕೇಳ್ತು. ಹೋಗಿ ನೋಡಿದ್ರೆ ಮುದ್ದೆ ಕೋಲು ಅಮ್ಮನ ಕೈಯಲ್ಲಿತ್ತು. “ಸರೀರಿ ಆಚೆ, ನಿಮ್ಮ ಗಂಟು ತಿಂದು ಸಾಕಾಗಿದೆ” ಅಂತಿದ್ಲು. ಎರಡು ಸುತ್ತು ತಿರುವಿ ಕೋಲನ್ನ ಎಡಗೈಗೆ ಬದಲಾಯಿಸಿದ್ಲು. ನಾನು ಪಾತ್ರೆ ಹಿಡಿದುಕೊಂಡೆ.